ಮೆಕ್ಯಾನಿಕಲ್ ಕೀಲಿಮಣೆ: ರಸಿಕರಿಗೊಂದು ಕೈಪಿಡಿ

ತಂತ್ರಾಂಶ ಬರೆಯುವವರು ತಮ್ಮ ಮೇಜಿನ ಸಲಕರಣೆಗಳಲ್ಲಿ ಕೀಲಿಮಣೆಯ ಮೇಲೆ ತೋರುವ ಅಕ್ಕರೆ ಹೊಸಬರಿಗೆ ಅತಿಯೆನಿಸುವುದುಂಟು. ಕಣ್ಣಿನಿಂದಷ್ಟೇ ನೋಡುವವರಿಗೆ ಹಾಗೆನಿಸುವುದು ಸಹಜವೂ ಹೌದು, ಏಕೆಂದರೆ ಈ ವಸ್ತುವಿನ ರುಚಿ ಇರುವುದು ಬೆರಳ ತುದಿಯಲ್ಲಿ ಮತ್ತು ಕಿವಿಯಲ್ಲಿ. ಸಾಮಾನ್ಯ ಕೀಲಿಮಣೆಯಲ್ಲಿ ಕೀಲಿಗಳ ಕೆಳಗೆ ರಬ್ಬರಿನ ಹಾಳೆಯೊಂದಿದ್ದು, ಅದರ ಗುಬುಟು ಪೂರ್ತಿ ಕುಸಿದಾಗ ಮಾತ್ರ ಅಕ್ಷರ ಮೂಡುತ್ತದೆ. ಮೆಕ್ಯಾನಿಕಲ್ ಕೀಲಿಮಣೆಯಲ್ಲಾದರೋ ಪ್ರತಿ ಕೀಲಿಗೂ ತನ್ನದೇ ಸ್ಪ್ರಿಂಗ್ ಉಳ್ಳ ಸ್ವಿಚ್ ಇರುತ್ತದೆ.

ಜರ್ಮನಿಯ ಚೆರಿ ಸಂಸ್ಥೆ 1980ರ ದಶಕದಲ್ಲಿ ಹೊರತಂದ ಎಂಎಕ್ಸ್ ಸ್ವಿಚ್ಚು ಇಂದಿಗೂ ಈ ಕ್ಷೇತ್ರದ ಅಳತೆಗೋಲು. ಅದರ ಕೆಂಪು ಬಗೆಯ ಕೀಲಿಯನ್ನು ಬಹಳ ನಿಧಾನವಾಗಿ ಒತ್ತಿದರೆ, ಒಟ್ಟು 4 ಮಿಲಿಮೀಟರ್ ಚಲನೆಯ ನಡುವೆ, ಸುಮಾರು 2 ಮಿಲಿಮೀಟರಿನಲ್ಲೇ ಅಕ್ಷರ ಪರದೆಯ ಮೇಲೆ ಮೂಡಿರುತ್ತದೆ. ಮಿಕ್ಕ ಅರ್ಧದಾರಿ ಬೆರಳಿಗೆ ಬಿಡುವು. ತಳ ಮುಟ್ಟುವ ಮುನ್ನವೇ ಮರಳುವ ಈ ಹಗುರ ಸ್ಪರ್ಶವನ್ನು ರೂಢಿಸಿಕೊಳ್ಳುವುದೇ ರಸಿಕತೆಯ ಮೊದಲ ಪಾಠ. ಕೆಂಪು ಬಗೆ ಅಡೆತಡೆಯಿಲ್ಲದೆ ಜಾರುತ್ತದೆ, ಕಂದು ಬಗೆ ನಡುದಾರಿಯಲ್ಲಿ ಸಣ್ಣ ಉಬ್ಬೊಂದನ್ನು ತಿಳಿಸುತ್ತದೆ, ನೀಲಿ ಬಗೆ ಆ ಉಬ್ಬಿನ ಜೊತೆಗೆ ಟಿಕ್ ಎಂಬ ಸದ್ದನ್ನೂ ಮಾಡುತ್ತದೆ.

ಆ ಸದ್ದಿನ ಮೂಲವನ್ನು ವಿಚಾರಿಸುವುದು ಎರಡನೆಯ ಪಾಠ. ನೀಲಿ ಸ್ವಿಚ್ಚಿನಲ್ಲಿ ಸದ್ದಿಗೆಂದೇ ಪ್ರತ್ಯೇಕ ತುಣುಕೊಂದಿದೆ. ಐಬಿಎಂ 1985ರಲ್ಲಿ ತಂದ ಮಾಡೆಲ್ ಎಂ ಕೀಲಿಮಣೆಯಲ್ಲಾದರೋ ಒತ್ತಡಕ್ಕೆ ಸ್ಪ್ರಿಂಗೇ ಫಕ್ಕನೆ ಬಾಗಿ ತನ್ನ ಕೊಳವೆಯ ಗೋಡೆಗೆ ಬಡಿಯುತ್ತದೆ, ಅದೇ ಬಾಗುವಿಕೆಯಿಂದ ಅಕ್ಷರವೂ ಮೂಡುತ್ತದೆ. ಸದ್ದು ಮತ್ತು ಕ್ರಿಯೆ ಒಂದೇ ಆಗಿರುವ ಈ ಪ್ರಾಮಾಣಿಕತೆಯನ್ನು ಮೀರಿಸಿದ ರಚನೆ ಅಪರೂಪ. ಇನ್ನು ಉದ್ದನೆಯ ಸ್ಪೇಸ್ ಬಾರಿನ ಎರಡೂ ತುದಿಗಳನ್ನು ತಟ್ಟಿ ನೋಡಬೇಕು: ಅದನ್ನು ಸಮತೋಲದಲ್ಲಿ ಹಿಡಿಯುವ ತಂತಿ ಸಡಿಲವಾಗಿದ್ದರೆ ಕೇಳಿಬರುವ ಗಿಲಗಿಲ ಸದ್ದು, ಎಷ್ಟೇ ಬೆಲೆಯ ಕೀಲಿಮಣೆಯಾದರೂ ಜೋಡಣೆಯಲ್ಲಿನ ಅಲಕ್ಷ್ಯವನ್ನು ಬಯಲು ಮಾಡುತ್ತದೆ.

ಕೀಲಿಗಳ ಸ್ಥಾನವೂ ಆಸ್ವಾದದ ವಿಷಯವೇ. ಜಪಾನಿನ ಪ್ರಾಧ್ಯಾಪಕ ಎಯಿಚಿ ವಾಡಾ ಅವರ ಕಲ್ಪನೆಯಿಂದ 1996ರಲ್ಲಿ ಬಂದ ಹ್ಯಾಪಿ ಹ್ಯಾಕಿಂಗ್ ಕೀಲಿಮಣೆಯಲ್ಲಿ, ಪ್ರೋಗ್ರಾಂ ಬರೆಯುವವರಿಗೆ ಪದೇಪದೇ ಬೇಕಾಗುವ ಕಂಟ್ರೋಲ್ ಕೀಲಿಯು ಕ್ಯಾಪ್ಸ್ ಲಾಕ್ ಇರುತ್ತಿದ್ದ ಜಾಗದಲ್ಲಿ, ಎಡಗೈ ಕಿರುಬೆರಳಿನ ಪಕ್ಕದಲ್ಲೇ ಇದೆ.

ಕನ್ನಡಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವೊಂದಿದೆ. ನುಡಿ ತಂತ್ರಾಂಶದಲ್ಲಿ ಬಳಕೆಯಾಗುವ ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಒತ್ತಕ್ಷರ ಕೂಡಿಸುವ ಕೆಲಸ ಎಫ್ ಕೀಲಿಯದು. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಎಂಬ ನಾಲ್ಕು ಕೀಲಿಗಳು ಸಾಕು. ನೋಡದೆ ಟೈಪ್ ಮಾಡುವವರ ಎಡಗೈ ತೋರುಬೆರಳಿಗೆ ಗುರುತಾಗಲೆಂದು ಸಣ್ಣ ಗೀರುಬ್ಬು ಇರುವುದೂ ಇದೇ ಕೀಲಿಯ ಮೇಲೆ. ಒತ್ತಕ್ಷರಗಳಿಲ್ಲದೆ ಕನ್ನಡದ ಒಂದು ಪುಟವೂ ಸಾಗದಿರುವಾಗ, ಅವನ್ನು ಕೂಡಿಸುವ ಕೀಲಿ ಬೆರಳು ಸದಾ ತಂಗುವ ಮನೆಯಲ್ಲೇ ನೆಲೆಸಿರುವುದು ಮೆಚ್ಚತಕ್ಕ ಸಂಗತಿ. ಆದ್ದರಿಂದ ಕನ್ನಡದಲ್ಲಿ ಬರೆಯುವವರು ಕೀಲಿಮಣೆ ಕೊಳ್ಳುವ ಮುನ್ನ ಒತ್ತಿ ಪರೀಕ್ಷಿಸಬೇಕಾದ ಮೊದಲ ಕೀಲಿ ಎಫ್.