ಕೆಟ್ಟ ದನಿ, ಮಾಗಿದ ದನಿ

ನಮ್ಮ ಮಾವನವರು ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನು ನಮ್ಮವರು ಇಟ್ಟುಕೊಂಡರು, ಗೋಡೆ ಗಡಿಯಾರವನ್ನು ಮೈದುನ ಒಯ್ದ. ಕೀಲಿ ಕೊಡುವ ಗ್ರಾಮಫೋನು ಮತ್ತು ಒಂದು ಟ್ರಂಕಿನ ತುಂಬ ಪ್ಲೇಟುಗಳು ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಉಳಿದವು. ಎಣಿಸಿದರೆ 64 ಪ್ಲೇಟುಗಳು. ಅವುಗಳ ಜೊತೆಗೆ ಎರಡು ಬೂಟಿನ ಡಬ್ಬಿಗಳಲ್ಲಿ ಕ್ಯಾಸೆಟ್ಟುಗಳು, ಒಂದೊಂದರ ಮೇಲೂ ಮಾವನವರ ದುಂಡನೆಯ ಅಕ್ಷರ: ರಾಗ, ತಾಳ, ಹಾಡಿದವರು, ಕೇಳಿದ ತಾರೀಖು.

ನಾನು ಮದುವೆಯಾಗಿ ಬಂದಾಗ ಆ ಪ್ಲೇಟುಗಳನ್ನು ಮುಟ್ಟುವ ಅಧಿಕಾರ ಹೆಂಗಸರಿಗಿರಲಿಲ್ಲ. ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ನಾಲ್ಕೈದು ಹಿರಿಯರು ಸೇರುತ್ತಿದ್ದರು. ಒಂದೇ ರಾಗವನ್ನು ಇಬ್ಬರು ಹಾಡಿದ್ದನ್ನು ಒಂದಾದ ಮೇಲೊಂದು ಹಾಕುವುದು, ವಾದ ಮಾಡುವುದು, ಮತ್ತೆ ಹಾಕುವುದು. ನಾವು ಚಹಾ ಕೊಟ್ಟು ಒಳಗೆ ಬರುತ್ತಿದ್ದೆವು. ಆದರೆ ಕಿವಿಗೆ ಬಾಗಿಲು ಹಾಕಲಾಗುವುದಿಲ್ಲವಲ್ಲ! ಸಂಗೀತದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧವನ್ನು ಕಲಿತದ್ದು ಅಡಿಗೆಮನೆಯ ಹೊಸ್ತಿಲ ಮೇಲೆ, ಸೊಪ್ಪು ಬಿಡಿಸುತ್ತ.

ಆ ಪಡಸಾಲೆಯ ತೀರ್ಪುಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಅದು ಗಂಗೂಬಾಯಿ ಹಾನಗಲ್ಲರ ಬಗೆಗಿನದು.

ಹಾವೇರಿ ಜಿಲ್ಲೆಯವರಾದ ನಮಗೆ ಹಾನಗಲ್ಲ ಎಂಬ ಹೆಸರೇ ಹತ್ತಿರದ್ದು. ಗಂಗೂಬಾಯಿಯವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. ಮಗಳು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಿರಾನಾ ಘರಾಣೆಯ ಗಾಯನ ಕಲಿತರು. 1930ರ ದಶಕದಲ್ಲಿಯೇ ಅವರ ಪ್ಲೇಟುಗಳು ಬಂದವು. ಅವುಗಳಲ್ಲಿ ದನಿ ತೆಳುವು, ಎತ್ತರದ್ದು, ಸಕ್ಕರೆಯಂಥದ್ದು. ಮುಂದೆ ಗಂಟಲಿನ ತೊಂದರೆಯಾಗಿ, ಚಿಕಿತ್ಸೆಯಾಗಿ, ದನಿ ಇಳಿಯಿತು. ಅವರನ್ನು ಕಾಣದೆ ಬರೇ ಕೇಳಿದವರು ಗಂಡಸು ಹಾಡುತ್ತಿದ್ದಾನೆಂದೇ ತಿಳಿಯುವಷ್ಟು ಇಳಿಯಿತು.

ಬ್ಯಾಂಕಿನಿಂದ ನಿವೃತ್ತರಾದ ಕಾಕಾ ಒಬ್ಬರು ನಮ್ಮ ಮನೆಗೆ ಈಗಲೂ ಬರುತ್ತಾರೆ. ಅವರದು ಒಂದೇ ಮಾತು: "ಅಕ್ಕೋರೆ, ಮೊದಲಿನ ಪ್ಲೇಟ್ ಕೇಳ್ರಿ. ಏನ್ ಸಿಹಿ ಇತ್ತು! ಆಮ್ಯಾಲೆ ದನಿ ಕೆಟ್ಟು ಹೋತು. ಕೆಟ್ಟ ದನ್ಯಾಗೂ ಹಾಡಿದ್ರಲ್ಲ, ಅದ ದೊಡ್ಡದು."

ಮೇಲುನೋಟಕ್ಕೆ ಇದು ಹೊಗಳಿಕೆ. ನಾನೂ ಬಹಳ ವರ್ಷ ಹಾಗೆಂದೇ ತಿಳಿದಿದ್ದೆ. ನನ್ನ ದನಿಯೇ ಕೆಟ್ಟಾಗ ಆ ಮಾತು ಬೇರೆಯಾಗಿ ಕೇಳಿಸಿತು.

ಶಾಲೆಯಲ್ಲಿ ಪ್ರಾರ್ಥನೆ ಹೇಳಿಸುವುದು ನನ್ನ ಕೆಲಸವಾಗಿತ್ತು. ಐವತ್ತು ಅರವತ್ತು ಮಕ್ಕಳ ವರ್ಗದಲ್ಲಿ ಇಪ್ಪತ್ತೈದು ವರ್ಷ ಕೂಗಿ ಕಲಿಸಿದ್ದಕ್ಕೋ, ವಯಸ್ಸಿಗೋ, ನಲವತ್ತೊಂಬತ್ತರಲ್ಲಿ ದನಿ ಒಡೆಯಿತು. ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ ಎಂದರು ಡಾಕ್ಟರರು. ಆರು ವಾರ ಮಾತು ಕಡಿಮೆ ಮಾಡಿದೆ. ಮಾತು ಮರಳಿ ಬಂತು, ಹಾಡು ಬರಲಿಲ್ಲ. ಗೌರಿ ಹಬ್ಬದ ಆರತಿಗೆ ಓಣಿಯ ಹೆಣ್ಣುಮಕ್ಕಳು "ಒಂದು ಹಾಡು ಹೇಳ್ರಿ" ಎಂದರೆ, "ನನ್ನ ದನಿ ಕೆಟ್ಟದವ್ವಾ" ಎಂದು ಆರತಿ ತಟ್ಟೆ ಹಿಡಿದು ಹಿಂದೆ ನಿಲ್ಲತೊಡಗಿದೆ. ನಿಮ್ಮಲ್ಲಿ ಎಷ್ಟು ಮಂದಿ ಹೀಗೆ ಹಿಂದೆ ನಿಂತಿದ್ದೀರೋ!

ಆಗ ಟ್ರಂಕು ತೆಗೆದೆ. ಕಾಕಾ ಹೇಳುವ ಮಾತನ್ನು ಅವರದೇ ದಾರಿಯಲ್ಲಿ, ಹೋಲಿಸಿ ಕೇಳಿಯೇ ನೋಡೋಣವೆಂದುಕೊಂಡೆ.

ಗಂಗೂಬಾಯಿಯವರ ಹಳೆಯ ಪ್ಲೇಟೊಂದರಲ್ಲಿ ಚಿಕ್ಕದೊಂದು ಖ್ಯಾಲು ಇದೆ. ಹಾರ್ಮೋನಿಯಂ ಹಿಡಿದು ಅದರ ಷಡ್ಜ ಹುಡುಕಿದರೆ ಅದು ಎರಡು ಪಟ್ಟಿಗಳ ನಡುವೆ ಎಲ್ಲಿಯೋ ಕುಳಿತಿತ್ತು. ನನಗೆ ಅನುಮಾನ ಬಂತು. ಈ ಪ್ಲೇಟುಗಳು ನಿಮಿಷಕ್ಕೆ 78 ಸುತ್ತು ತಿರುಗಬೇಕು. ಅಂಚಿಗೆ ಒಂದು ಕಾಗದದ ಚೂರು ಅಂಟಿಸಿ, ಸೂಜಿ ಇಟ್ಟು, ಮೊಮ್ಮಗನ ಕೈಯಲ್ಲಿ ಗಡಿಯಾರ ಕೊಟ್ಟು ಎಣಿಸಿದೆ: 83. ಮತ್ತೊಮ್ಮೆ ಎಣಿಸಿದೆ. ಮತ್ತೆ 83. ಅಂದರೆ ನೂರಕ್ಕೆ ಆರರಷ್ಟು ಬೇಗ. ಹಾಗೆ ಬೇಗ ತಿರುಗಿದರೆ ಹಾಡಿನ ಕಾಲವಷ್ಟೇ ಚಿಕ್ಕದಾಗುವುದಿಲ್ಲ, ಶ್ರುತಿಯೂ ಸುಮಾರು ಒಂದು ಪಟ್ಟಿಯಷ್ಟು ಮೇಲೇರುತ್ತದೆ. ದನಿ ಎಳೆಯದಾಗಿ, ತೆಳ್ಳಗಾಗಿ ಕೇಳಿಸುತ್ತದೆ. ನಮ್ಮ ಪಡಸಾಲೆಯ ಹಿರಿಯರು ಇಷ್ಟು ವರ್ಷ ಕೊಂಡಾಡಿದ ಸಿಹಿಯಲ್ಲಿ ಒಂದು ಪಾಲು ಗಂಗೂಬಾಯಿಯವರದಲ್ಲ, ಆ ಗ್ರಾಮಫೋನಿನ ಸ್ಪ್ರಿಂಗಿನದು!

ವೇಗದ ಕಡ್ಡಿ ಸರಿಸಿ 78ಕ್ಕೆ ತಂದೆ. ಸತ್ಯ ಹೇಳಬೇಕು: ಆಮೇಲೂ ಆ ದನಿ ಎತ್ತರದ್ದೇ, ಸಿಹಿಯಾದದ್ದೇ. ನಡುವಯಸ್ಸಿನ ದನಿಗೂ ಅದಕ್ಕೂ ದೂರ ಬಹಳವಿದೆ. ಆದರೆ ಆ ದೂರ ಅವರು ಹೇಳಿದಷ್ಟಿರಲಿಲ್ಲ. ಪ್ಲೇಟು ಹೋಲಿಸುವವರಿಗೆ ನನ್ನ ಮೊದಲ ಮಾತು ಇದು: ಹಾಡಿದವರನ್ನು ಅಳೆಯುವ ಮೊದಲು ಯಂತ್ರವನ್ನು ಅಳೆಯಿರಿ. ಕ್ಯಾಸೆಟ್ಟಿಗೂ ಇದೇ ಮಾತು. ನಾನು ಎರಡು ಟೇಪ್ ರೆಕಾರ್ಡರುಗಳಲ್ಲಿ ಹಾಕಿ ನೋಡಿಯೇ ನಂಬಿದ್ದು.

ಎರಡನೆಯದು ಕಾಲದ ಮಾತು. 10 ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷವಷ್ಟೇ ಜಾಗ. 1902ರಲ್ಲಿ ಕಲಕತ್ತೆಯಲ್ಲಿ ಮೊದಲ ಮುದ್ರಣಗಳು ನಡೆದಾಗ ಧೈರ್ಯವಾಗಿ ಮುಂದೆ ಬಂದವರಲ್ಲಿ ಗೋಹರ್ ಜಾನ್ ಒಬ್ಬರು. ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದ ಆಕೆ ಕೊನೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ದೊಡ್ಡ ದೊಡ್ಡ ಉಸ್ತಾದರು ಯಂತ್ರದ ಮುಂದೆ ಹಾಡಲು ಹಿಂಜರಿಯುತ್ತಿದ್ದ ಕಾಲದಲ್ಲಿ ಒಂದು ರಾಗವನ್ನು ಮೂರು ನಿಮಿಷದಲ್ಲಿ ಹಿಡಿದಿಡುವ ಕಲೆಯನ್ನು ಕಟ್ಟಿಕೊಟ್ಟವರಲ್ಲಿ ಇಂಥ ಹೆಂಗಸರೇ ಮುಂದಿದ್ದರು. ಎಳೆಯ ಗಂಗೂಬಾಯಿಯವರದೂ ಅದೇ ದಾರಿ. ಚೀಜು ಹೇಳು, ನಾಲ್ಕು ತಾನು ಹಾಕು, ಮುಗಿಸು. ಅಲ್ಲಿ ಆಲಾಪಕ್ಕೆ ಪುರುಸೊತ್ತಿಲ್ಲ. ಅಂಥ ಪ್ಲೇಟನ್ನು ಮುಂದಿನ ಕಾಲದ ಅರ್ಧ ಗಂಟೆಯ ಗಾಯನದ ಪಕ್ಕಕ್ಕಿಟ್ಟು ದನಿಯನ್ನು ಮಾತ್ರ ಹೋಲಿಸಿದರೆ, ಪೋಸ್ಟ್ ಕಾರ್ಡನ್ನೂ ದೀರ್ಘ ಪತ್ರವನ್ನೂ ಅಕ್ಷರದ ಅಂದ ನೋಡಿ ಹೋಲಿಸಿದಂತಾಗುತ್ತದೆ.

ಇನ್ನು ಕ್ಯಾಸೆಟ್ಟಿನಲ್ಲಿರುವ ಅವರ ಮಾರ್ವಾ. ಮಾರ್ವಾ ಸಂಜೆಯ ರಾಗ. ಅದರಲ್ಲಿ ಪಂಚಮವಿಲ್ಲ. ಕೋಮಲ ರಿಷಭ ಮತ್ತು ಧೈವತಗಳಿಗೇ ಒತ್ತು. ಷಡ್ಜಕ್ಕೆ ಬೇಗ ಬಂದು ಕುಳಿತುಬಿಟ್ಟರೆ ಮಾರ್ವಾ ಕಳೆದುಹೋಗುತ್ತದೆ. ಮನೆಯ ಬಾಗಿಲ ತನಕ ಬಂದು ಒಳಗೆ ಹೋಗದೆ ನಿಂತ ಹಾಗೆ. ಗಂಗೂಬಾಯಿಯವರು ಆ ಇಳಿದ, ತುಸು ಒರಟಾದ ದನಿಯಲ್ಲಿ ರಿಷಭದ ಮೇಲೆ ನಿಲ್ಲುತ್ತಾರೆ. ಅಲಂಕಾರವಿಲ್ಲ, ಅಲುಗಾಟವಿಲ್ಲ. ಒಂದು ಸ್ವರದಿಂದ ಮುಂದಿನದಕ್ಕೆ ಹೋಗಲು ಅವರಿಗೆ ಅವಸರವೇ ಇಲ್ಲ. ಬಹಳ ಹೊತ್ತಿನ ಮೇಲೆ ಷಡ್ಜಕ್ಕೆ ಬಂದಾಗ ಕೇಳುತ್ತ ಕುಳಿತ ನನ್ನ ಎದೆಯ ಭಾರ ಇಳಿದಂತಾಗುತ್ತದೆ. ಆ ಸಕ್ಕರೆಯ ದನಿಯಲ್ಲಿ ಇದು ಆಗುತ್ತಿತ್ತೇ? ಆ ದನಿ ಆ ರಿಷಭದ ಮೇಲೆ ಅಷ್ಟು ಹೊತ್ತು ನಿಂತಿದ್ದರೆ ಚಂದ ಕೇಳಿಸುತ್ತಿತ್ತೇನೋ. ಇಷ್ಟು ಭಾರ ಹೊರುತ್ತಿರಲಿಲ್ಲವೆಂದೇ ನನಗನಿಸುತ್ತದೆ.

ಕಳೆದುಕೊಂಡದ್ದೂ ಉಂಟು. ಪ್ಲೇಟಿನಲ್ಲಿರುವ ಗುಬ್ಬಿಯ ಹಾರಾಟದಂಥ ಹಗುರು ಮುಂದೆ ಸಿಗುವುದಿಲ್ಲ. ಮೊದಲು ಠುಮರಿ, ಭಜನೆಗಳನ್ನೂ ಹಾಡುತ್ತಿದ್ದವರು ಆಮೇಲೆ ಖ್ಯಾಲಿಗೇ ನಿಂತರು. ಮೇಲಿನ ಸಪ್ತಕದಲ್ಲಿ ಮಗಳು ಕೃಷ್ಣಾ ಅವರ ತಿಳಿಯಾದ ದನಿ ತಾಯಿಗೆ ಜೊತೆಯಾಗಿ ನಿಲ್ಲುತ್ತದೆ. ಈ ಜೊತೆಯ ದನಿಯ ಬಗ್ಗೆ ನಮ್ಮ ಪಡಸಾಲೆಯಲ್ಲಿ ಒಬ್ಬರೂ ಒಂದು ಮಾತು ಆಡಿದ್ದು ನನಗೆ ನೆನಪಿಲ್ಲ. ತಾಯಿ ಬಿಟ್ಟ ಜಾಗದಲ್ಲಿ ಮಗಳು ಎತ್ತಿಕೊಳ್ಳುವುದನ್ನು ಒಮ್ಮೆ ಕಿವಿಯಿಟ್ಟು ಕೇಳಿ. ಆ ಧ್ವನಿಮುದ್ರಣಗಳು ಒಬ್ಬರವಲ್ಲ, ಇಬ್ಬರವು.

ಅದೇ ಟ್ರಂಕಿನಲ್ಲಿ ಮಲ್ಲಿಕಾರ್ಜುನ ಮನಸೂರರೂ ಇದ್ದಾರೆ. 1910ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡ ಅವರ ಪ್ಲೇಟುಗಳೂ 1930ರ ದಶಕದಲ್ಲಿಯೇ ಬಂದಿದ್ದವು. ಅವರ ಎಳೆಯ ದನಿಗೂ ಎಪ್ಪತ್ತರ ದನಿಗೂ ಅಂತರ ಕಡಿಮೆಯದಲ್ಲ. ಮೊದಲು ಚೂಪು, ಹೊಳಪು. ಆಮೇಲೆ ದನಿ ಒಣಗಿದೆ, ಉಸಿರಿನ ಸಪ್ಪಳ ಕೇಳಿಸುತ್ತದೆ. ಆದರೆ ಪಡಸಾಲೆಯಲ್ಲಿ ಅವರ ದನಿ ಕೆಟ್ಟಿತೆಂದು ಯಾರೂ ಅನ್ನಲಿಲ್ಲ. "ಮಾಗಿದ್ದು ನೋಡ್ರಿ!" ಎನ್ನುತ್ತಿದ್ದರು. ನಿಜ, ಮಾಗಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಗಂಡಸಿನ ದನಿಗೆ ವಯಸ್ಸಾದರೆ ಮಾಗುವುದು, ಹೆಂಗಸಿನ ದನಿಗೆ ವಯಸ್ಸಾದರೆ ಕೆಡುವುದು, ಇದು ಯಾವ ಘರಾಣೆಯ ಲೆಕ್ಕ?

ಹೆಣ್ಣಿನ ದನಿಯೆಂದರೆ ಸಿಹಿ ಇರಬೇಕು, ಸಣ್ಣದಿರಬೇಕು, ಹದಿನೆಂಟರಲ್ಲಿ ಇದ್ದಂತೆಯೇ ಇರಬೇಕು ಎಂದು ಮೊದಲೇ ಗೆರೆ ಎಳೆದು ಕುಳಿತವರು ಎಷ್ಟು ಪ್ಲೇಟು ಕೂಡಿಸಿದರೂ ಕೇಳುವುದು ತಮ್ಮ ಗೆರೆಯನ್ನೇ. ಗಂಗೂಬಾಯಿಯವರು ಆ ಗೆರೆಗೆ ಕಾಯಲಿಲ್ಲ. ಇಳಿದ ದನಿಗೆ ತಕ್ಕಂತೆ ಶ್ರುತಿ ಇಳಿಸಿಕೊಂಡು, ಆ ದನಿಗೆ ಏನು ಸಾಧ್ಯವೋ ಅದನ್ನು ಹುಡುಕುತ್ತ ಹೋದರು. ಕೊನೆಯ ಕಚೇರಿ ಮಾಡಿದ್ದು 2006ರಲ್ಲಿ, ತೊಂಬತ್ತು ದಾಟಿದ ಮೇಲೆ. 2009ರಲ್ಲಿ ತೀರಿಕೊಂಡರು.

ಕಳೆದ ಶ್ರಾವಣದಲ್ಲಿ ಕಾಕಾ ಬಂದಾಗ ಅವರಿಗೆ ಪ್ಲೇಟನ್ನು 83ರಲ್ಲಿ ಒಮ್ಮೆ, 78ರಲ್ಲಿ ಒಮ್ಮೆ ಕೇಳಿಸಿದೆ. ಆಮೇಲೆ ಮಾರ್ವಾ ಹಾಕಿದೆ. ಚಹಾ ಆರಿಹೋಯಿತು. ಬಹಳ ಹೊತ್ತಿನ ಮೇಲೆ, "ಮೆಷೀನು ನಮಗ ಇಷ್ಟು ವರ್ಷ ಮೋಸ ಮಾಡಿತಲ್ರಿ ಅಕ್ಕೋರೆ" ಎಂದರು. ಮೆಷೀನು ಮಾಡಿದ್ದು ನೂರಕ್ಕೆ ಆರು ಮಾತ್ರ, ಉಳಿದದ್ದನ್ನು ನಾವೇ ಮಾಡಿಕೊಂಡೆವು ಎನ್ನಬೇಕೆಂದಿದ್ದೆ. ಹಿರಿಯರು, ಕಣ್ಣಲ್ಲಿ ನೀರಿತ್ತು, ಸುಮ್ಮನಾದೆ. ಹೋಗುವಾಗ ಆ ಕ್ಯಾಸೆಟ್ಟನ್ನು ಕೇಳಿ ಪಡೆದು ಒಯ್ದರು. ಇನ್ನೂ ಮರಳಿಸಿಲ್ಲ.

ನಾನು ಮೊದಲು ಹಾಡುತ್ತಿದ್ದದ್ದು ಕರಿ ಐದರಲ್ಲಿ. ಆ ಎತ್ತರಕ್ಕೆ ಈಗ ಏರಲಾಗುವುದಿಲ್ಲ. ಏರಲು ಹೋಗಿಯೇ ಸೋತಿದ್ದೆನೆಂದು ಈಗ ಗೊತ್ತಾಗಿದೆ. ಈ ಸಲ ಗೌರಿಯನ್ನು ಕೂಡಿಸಿದ ದಿನ ಹಾರ್ಮೋನಿಯಂ ಮುಂದಿಟ್ಟುಕೊಂಡು ಕರಿ ಮೂರಕ್ಕೆ ಇಳಿದು ಹಾಡು ಎತ್ತಿಕೊಂಡೆ. ಮೊದಲ ಸಾಲಿಗೆ ದನಿ ಸ್ವಲ್ಪ ಗೊರಗೊರ ಎಂದಿತು. ಎರಡನೆಯ ಸಾಲಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ಜೊತೆಗೂಡಿದರು. ಆ ಶ್ರುತಿ ಅವರಿಗೂ ಹಿತವಾಗಿತ್ತಂತೆ. ಇಷ್ಟು ವರ್ಷ ನನ್ನ ಎತ್ತರಕ್ಕೆ ಏರಲಾಗದೆ ಬರೇ ತುಟಿ ಆಡಿಸುತ್ತಿದ್ದೆವು ಎಂದು ಒಬ್ಬಾಕೆ ಆಮೇಲೆ ನಗುತ್ತ ಹೇಳಿದಳು.