ಪಾಠವೂ ಪಟ್ಟೂ: ಕಾದಾಟದ ವಿಡಿಯೋ ಆಟಗಳಲ್ಲಿ ಶಿಕ್ಷಣಕ್ರಮ

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಗಣದಾಸ, ಹರದತ್ತರೆಂಬ ನಾಟ್ಯಾಚಾರ್ಯರಿಬ್ಬರಿಗೆ ತಮ್ಮಲ್ಲಿ ಹೆಚ್ಚಿನವರಾರೆಂಬ ವಿವಾದ ಉಂಟಾದಾಗ, ಮಧ್ಯಸ್ಥೆಯಾದ ಪರಿವ್ರಾಜಿಕೆಯು ವಾಗ್ವಾದವನ್ನು ಬದಿಗಿರಿಸಿ ಶಿಷ್ಯೆಯರ ಪ್ರಯೋಗವನ್ನೇ ನೋಡಬೇಕೆನ್ನುತ್ತಾಳೆ. ಶಾಸ್ತ್ರಕ್ಕೂ ಪ್ರಯೋಗಕ್ಕೂ ಇರುವ ಈ ಹಳೆಯ ವ್ಯಾಜ್ಯವು ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಕಾದಾಟದ ವಿಡಿಯೋ ಆಟಗಳಲ್ಲಿಯೂ ಕಾಣಿಸಿಕೊಂಡಿದೆ. ಆಟದೊಳಗೇ ಅಡಕವಾಗಿರುವ ‘ಟ್ಯುಟೋರಿಯಲ್’ ಪಾಠಗಳು ಆಟಗಾರನನ್ನು ಪಳಗಿಸುವುವೋ, ಅಥವಾ ಎದುರಾಳಿಯ ಪೆಟ್ಟೇ ಗುರುವೋ ಎಂಬುದು ವಿಚಾರಣೀಯವಾಗಿದೆ. ಇಂಥ ವಿಷಯ ಸಂಶೋಧನ ಪತ್ರಿಕೆಗೆ ತಕ್ಕುದೇ ಎಂದು ಹುಬ್ಬೇರಿಸುವವರು ಇರಬಹುದು. ಮಲ್ಲವಿನೋದಕ್ಕೆ ‘ಮಾನಸೋಲ್ಲಾಸ’ದಲ್ಲಿ ಎಡೆಗೊಟ್ಟ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು ಹಾಗೆ ಎಣಿಸಲಿಲ್ಲ.

1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ಹೊರತಂದ ‘ಸ್ಟ್ರೀಟ್ ಫೈಟರ್ 2’ ಈ ಬಗೆಯ ಆಟಗಳಿಗೆ ಮೇಲ್ಪಂಕ್ತಿ. ಇವುಗಳಲ್ಲಿ ತೆರೆಯ ಚಿತ್ರವು ಸೆಕೆಂಡಿಗೆ ಸುಮಾರು 60 ಬಾರಿ ಬದಲಾಗುತ್ತದೆ. ಒಂದೊಂದು ಚಿತ್ರವನ್ನು ‘ಫ್ರೇಮ್’ ಎನ್ನುವರು. ಗುದ್ದು ಹೊರಡಲು ಎಷ್ಟು ಫ್ರೇಮ್, ಹೊಡೆದವನು ಮತ್ತೆ ಕಾವಲಿಗೆ ಮರಳಲು ಎಷ್ಟು ಎಂಬ ಲೆಕ್ಕದಲ್ಲಿ ಸೋಲುಗೆಲವು ಅಡಗಿದೆ. ಅಂದಿನ ಆರ್ಕೇಡುಗಳಲ್ಲಿ ಬೋಧನೆಯೆಂದರೆ ಯಂತ್ರಕ್ಕೆ ಅಂಟಿಸಿದ ಚೀಟಿ ಮಾತ್ರ. ಉಳಿದುದನ್ನು ನಾಣ್ಯ ಕಳೆದುಕೊಂಡು, ಬಲ್ಲವರ ಬೆನ್ನ ಹಿಂದೆ ನಿಂತು ಕಲಿಯಬೇಕಾಗಿತ್ತು. ಎದುರಾಳಿ ತಡೆಯಲಾರದಂತೆ ಏಟಿಗೆ ಏಟು ಹೆಣೆಯುವ ‘ಕಾಂಬೊ’ ಎಂಬ ತಂತ್ರವೂ ಮೊದಲೇ ಉದ್ದೇಶಿಸಿದ್ದಲ್ಲ. ಆಕಸ್ಮಿಕವಾಗಿ ಕಂಡುಬಂದು ಉಳಿದುಕೊಂಡುದು. ಇಲ್ಲಿ ಪ್ರಯೋಗವೇ ಮುಂದು, ಶಾಸ್ತ್ರ ಹಿಂದು.

ತರುವಾಯ ಬಂದ ಪಾಠಗಳಲ್ಲಿ ತಾರತಮ್ಯ ಬಹಳ. ‘ಸ್ಟ್ರೀಟ್ ಫೈಟರ್ 4’ರ ಅಭ್ಯಾಸಗಳು ನೀಳವಾದ ಕಾಂಬೊಗಳನ್ನು ಒಪ್ಪಿಸೆನ್ನುತ್ತವೆ, ಯಾವ ಸಂದರ್ಭಕ್ಕೆ ಯಾವುದು ಎಂದು ಹೇಳುವುದಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿಸಿ ಒಂದು ವಾಕ್ಯವನ್ನೂ ಆಡಿಸದ ಉಪಾಧ್ಯಾಯನ ರೀತಿ ಇದು. ಇದಕ್ಕೆ ಪ್ರತಿಯಾಗಿ 2012ರ ‘ಸ್ಕಲ್‌ಗರ್ಲ್ಸ್’ ಆಟವು, ಮೊದಲ ಏಟು ತಗಲಿತೋ ಎದುರಾಳಿ ಅದನ್ನು ತಡೆದನೋ ಎಂಬುದನ್ನು ಕಂಡು ಅನಂತರ ಮುಂದುವರಿಯುವುದನ್ನೇ ಒಂದು ಪಾಠವಾಗಿಸಿತು. ಕೈಗೆ ಮಾತ್ರವಲ್ಲದೆ ಕಣ್ಣಿಗೂ ವಿವೇಕಕ್ಕೂ ಕೊಟ್ಟ ಶಿಕ್ಷಣವಿದು. ನನ್ನ ದೃಷ್ಟಿಯಲ್ಲಿ ಪಾಠವೆನಿಸಿಕೊಳ್ಳಲು ಯೋಗ್ಯವಾದುದು ಇದೇ.

ಆದರೂ ಯಾವ ಪಾಠವೂ ತಲಪಲಾರದ ಎಡೆಯೊಂದುಂಟು. 2004ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನಡೆದ ‘ಈವೋ’ ಪಂದ್ಯದಲ್ಲಿ ಜಪಾನಿನ ಡೈಗೊ ಉಮೆಹಾರ, ಅಮೆರಿಕದ ಜಸ್ಟಿನ್ ವಾಂಗರು ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’ ಆಡುತ್ತಿದ್ದರು. ಉಮೆಹಾರನ ಜಟ್ಟಿಗೆ ಉಳಿದಿದ್ದುದು ಕೂದಲೆಳೆಯಷ್ಟು ಪ್ರಾಣ; ಏಟನ್ನು ಸಾಮಾನ್ಯ ರೀತಿಯಲ್ಲಿ ತಡೆದರೂ ಸೋಲು ಖಂಡಿತ. ವಾಂಗನು ಒಂದರ ಬೆನ್ನಿಗೊಂದರಂತೆ 15 ಏಟುಗಳ ಮಹಾಪ್ರಹಾರವನ್ನು ಪ್ರಯೋಗಿಸಿದ. ಉಮೆಹಾರನಾದರೋ ಹಿಂಜರಿಯದೆ, ಪ್ರತಿಯೊಂದು ಏಟಿನ ಕ್ಷಣಕ್ಕೆ ಸರಿಯಾಗಿ ಹಿಡಿಕೆಯನ್ನು ಮುಂದಕ್ಕೆ ತಳ್ಳುವ ‘ಪ್ಯಾರಿ’ ವಿದ್ಯೆಯಿಂದ ಅಷ್ಟನ್ನೂ ನಿವಾರಿಸಿ ಆ ಆಟವನ್ನು ಗೆದ್ದ. ಉಳಿದ ಏಟುಗಳ ಲಯವನ್ನು ಏಕಾಂತದಲ್ಲಿ ಸಾಧಿಸಬಹುದು. ಮೊದಲನೆಯದು ಹಾಗಲ್ಲ, ಕಂಡ ಮೇಲೆ ಕೈಯಾಡಿಸಿದರೆ ತಡವಾಗುತ್ತದೆ. ಎದುರಾಳಿ ಈಗ ಇದನ್ನೇ ಮಾಡುವನೆಂಬ ಊಹೆ ಬೇಕು. ಅದು ಮನುಷ್ಯರೊಡನೆ ಸೆಣಸಿದವನಿಗೆ ಮಾತ್ರ ಲಭ್ಯ.

ಹಾಗಾದರೆ ಪಾಠಗಳು ವ್ಯರ್ಥವೆನ್ನೋಣವೆ? ವ್ಯರ್ಥವೆನ್ನುವವರು ಲಾಹೋರಿನತ್ತ ಬೆರಳು ಮಾಡುವರು. ಹೇಳಿಕೊಳ್ಳುವಂಥ ಟ್ಯುಟೋರಿಯಲ್ ಇಲ್ಲದ ‘ಟೆಕ್ಕನ್ 7’ ಆಟದಲ್ಲಿ ಅಲ್ಲಿನ ಅರ್ಸಲಾನ್ ಆಶ್ 2019ರಲ್ಲಿ ಜಪಾನಿನ ಈವೋವನ್ನೂ ಲಾಸ್ ವೇಗಸ್ಸಿನ ಈವೋವನ್ನೂ ಗೆದ್ದನು. ಲೋಕದ ಕಣ್ಣಿಗೆ ಬೀಳದಿದ್ದ ಲಾಹೋರಿನ ಆರ್ಕೇಡುಗಳೇ ಅವನ ಗರಡಿ. ದೃಷ್ಟಾಂತ ಸತ್ಯ; ಅದರಿಂದ ತೆಗೆದ ನಿರ್ಣಯ ಮಾತ್ರ ಅವಸರದ್ದು. ಗರಡಿಯಿದ್ದ ಊರಿನಲ್ಲಿ ಪುಸ್ತಕ ಬೇಕಾಗದಿರಬಹುದು. ಆರ್ಕೇಡೇ ಇಲ್ಲದ ಊರಿನ ಹುಡುಗನೂ, ಇದ್ದರೂ ಅಲ್ಲಿನ ಗುಂಪಿನ ನಡುವೆ ನಿಲ್ಲಲು ಅವಕಾಶವಿಲ್ಲದ ಹುಡುಗಿಯೂ ಯಾರ ಬೆನ್ನ ಹಿಂದೆ ನಿಂತು ಕಲಿಯಬೇಕು? ಗುರುಮುಖದಿಂದಲೇ ವಿದ್ಯೆಯೆಂದು ಹಠ ಹಿಡಿದರೆ ಗುರುವಿನ ಮನೆಗೆ ಪ್ರವೇಶವಿಲ್ಲದವರ ಗತಿಯೇನು ಎಂಬ ಪ್ರಶ್ನೆ ನಮ್ಮ ನಾಡಿಗೆ ಹೊಸತಲ್ಲ. ಮುದ್ರಿತ ಪುಸ್ತಕದಿಂದ ನಮ್ಮಲ್ಲಿ ಎಷ್ಟು ಬಾಗಿಲುಗಳು ತೆರೆದುವೆಂಬುದನ್ನು ನೆನೆದರೆ, ಟ್ಯುಟೋರಿಯಲನ್ನು ಹಗುರವಾಗಿ ಕಾಣಲು ಮನಸ್ಸಾಗದು.

2024ರ ‘ಟೆಕ್ಕನ್ 8’ ಈ ಎರಡನ್ನೂ ಬೆಸೆಯಲು ಯತ್ನಿಸಿದೆ. ಇದರಲ್ಲಿ ಆಟಗಾರನು ಆಡಿ ಮುಗಿಸಿದ ಪಂದ್ಯವನ್ನು ಮತ್ತೆ ತೆರೆದು, ತಾನು ಎಡವಿದ ಕ್ಷಣದಲ್ಲಿ ಅದನ್ನು ತಡೆದು, ಅಲ್ಲಿಂದ ಬೇರೆ ಬಗೆಯಾಗಿ ಆಡಿನೋಡಬಹುದು. ಇಲ್ಲಿ ಈ ಏಟಿನಿಂದ ಪ್ರತೀಕಾರ ಸಾಧ್ಯವಿತ್ತೆಂದು ಯಂತ್ರವೂ ಸೂಚಿಸುತ್ತದೆ. ಸ್ವಂತ ಸೋಲೇ ಪಾಠ್ಯವಾಯಿತೆಂದಮೇಲೆ ಇದಕ್ಕಿಂತ ಹತ್ತಿರದ ವ್ಯಾಖ್ಯಾನ ಯಾವುದಿದ್ದೀತು? ಕೊರತೆಯೊಂದು ಉಳಿದೇ ಇದೆ. ಎದುರಾಳಿ ಹೊಡೆದುದು ಹೇಗೆಂದು ಯಂತ್ರ ಹೇಳುತ್ತದೆ. ಆ ಕ್ಷಣದಲ್ಲಿಯೇ ಏಕೆ ಹೊಡೆದನೆಂಬುದನ್ನು ಅವನೊಡನೆ ಇನ್ನೊಂದು ಪಂದ್ಯವಾಡಿಯೇ ತಿಳಿಯಬೇಕು.