ಒನಕೆ ಹಿಡಿದವಳಿಗೆ ಸಂಬಳವಿರಲಿಲ್ಲ

ಹೆಣ್ಣುಮಕ್ಕಳು ಸೈನ್ಯಕ್ಕೆ ಸೇರಬೇಕೇ ಎಂಬ ಚರ್ಚೆ ಕರ್ನಾಟಕದಲ್ಲಿ ಎಲ್ಲಿ ನಡೆದರೂ ಸ್ವಲ್ಪ ಹೊತ್ತಿನಲ್ಲೇ ಒನಕೆ ಓಬವ್ವ ಹಾಜರಾಗುತ್ತಾಳೆ. ಪರವಾಗಿ ಮಾತಾಡುವವರು ಅವಳನ್ನು ಸಾಕ್ಷಿಗೆ ಕರೆತರುತ್ತಾರೆ. ವಿರೋಧಿಸುವವರೂ ಅವಳನ್ನು ಹೊಗಳಿದ ಮೇಲೆಯೇ ತಮ್ಮ 'ಆದರೆ' ತೆಗೆಯುತ್ತಾರೆ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರು ಒನಕೆ ಎತ್ತಿ ನಿಂತ ದೃಶ್ಯ ಕನ್ನಡಿಗರ ಕಣ್ಣಲ್ಲಿ ಇಂದಿಗೂ ಉಳಿದಿದೆ. ಆದರೆ ಆ ಕಥೆಯ ಒಂದು ಸಣ್ಣ ವಿವರವನ್ನು ನಾವು ಗಮನಿಸುವುದಿಲ್ಲ. ಐತಿಹ್ಯದ ಪ್ರಕಾರ ಚಿತ್ರದುರ್ಗದ ಕೋಟೆ ಕಾಯುವುದು ಓಬವ್ವನ ಕೆಲಸವಾಗಿರಲಿಲ್ಲ. ಅದು ಅವಳ ಗಂಡನ ಕೆಲಸ. ಅವನು ಊಟಕ್ಕೆಂದು ಮನೆಗೆ ಬಂದಿದ್ದ. ನೀರು ತರಲು ಹೋದವಳು ಕಿಂಡಿಯಿಂದ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡಳು, ಉಣ್ಣುತ್ತಿದ್ದವನನ್ನು ಎಬ್ಬಿಸದೆ ತಾನೇ ಒನಕೆ ತೆಗೆದುಕೊಂಡಳು. ಹುದ್ದೆ ಅವನದು, ಸಂಬಳ ಅವನದು. ಅವಳಿಗೆ ಸಿಕ್ಕಿದ್ದು ಸಾವು ಮತ್ತು ಹೆಸರು.

ನಮ್ಮ ಮನಸ್ಸಿನಲ್ಲಿರುವ ವೀರವನಿತೆ ಇಂಥವಳೇ. ಗಂಡಸು ಊಟಕ್ಕೆ ಕುಳಿತಷ್ಟು ಹೊತ್ತು ಅವಳು ಸಿಪಾಯಿ. ಮಹಿಳೆ ಮತ್ತು ಸೈನ್ಯದ ಕುರಿತು ನಡೆಯುವ ವಾದಗಳಲ್ಲಿ ಬಹುತೇಕವು ಅವಳ ತೋಳಿನ ಬಲದ ಬಗ್ಗೆಯೋ, ಮನಸ್ಸಿನ ಕೋಮಲತೆಯ ಬಗ್ಗೆಯೋ ಇರುತ್ತವೆ. ಅವಳನ್ನು ಯಾವ ಷರತ್ತಿನ ಮೇಲೆ ಕರೆಯುತ್ತಾರೆ, ಕೆಲಸ ಮುಗಿದ ಮೇಲೆ ಏನು ಮಾಡುತ್ತಾರೆ ಎಂದು ಕೇಳುವವರು ಕಡಿಮೆ. ಕೋಮಲತೆಯ ವಾದವಂತೂ ನನಗೆ ಚರ್ಚೆಗೇ ಯೋಗ್ಯವಲ್ಲ ಅನ್ನಿಸುತ್ತದೆ. ಅದಕ್ಕೆ ಉತ್ತರ ಎಂಬತ್ತು ವರ್ಷಗಳ ಹಿಂದೆಯೇ ಸಿಕ್ಕಿಬಿಟ್ಟಿದೆ.

ಉತ್ತರ ಕೊಟ್ಟವರು ಸೋವಿಯತ್ ಒಕ್ಕೂಟದ ಹೆಂಗಸರು. ಎರಡನೆಯ ಮಹಾಯುದ್ಧದಲ್ಲಿ ಎಂಟರಿಂದ ಹತ್ತು ಲಕ್ಷ ಮಂದಿ ಮಹಿಳೆಯರು ಅಲ್ಲಿನ ಸೇನೆಯಲ್ಲಿ ದುಡಿದರು. ದಾದಿಯರು ಮತ್ತು ಅಡುಗೆಯವರು ಮಾತ್ರವಲ್ಲ, ದೂರದಿಂದ ಗುರಿಯಿಟ್ಟು ಹೊಡೆಯುವವರು, ನೆಲಬಾಂಬು ತೆಗೆಯುವವರು, ರಾತ್ರಿ ಹೊತ್ತು ಹಗುರವಾದ ಹಳೆಯ ವಿಮಾನಗಳಲ್ಲಿ ಹೋಗಿ ಬಾಂಬು ಹಾಕುವವರು ಅವರಲ್ಲಿದ್ದರು. ಇವರಲ್ಲಿ ಬದುಕುಳಿದವರನ್ನು ಊರೂರಿಗೆ ಹೋಗಿ ಮಾತಾಡಿಸಿ ಬೆಲಾರೂಸಿನ ಲೇಖಕಿ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಒಂದು ಪುಸ್ತಕ ಬರೆದರು. ಯುದ್ಧದ ಮುಖ ಹೆಣ್ಣಿನದಲ್ಲ ಎಂಬ ಅರ್ಥದ ಶೀರ್ಷಿಕೆಯ ಆ ಪುಸ್ತಕ 1985ರಲ್ಲಿ ಹೊರಬಂತು. ಅದಕ್ಕೂ ಮುನ್ನ ಎರಡು ವರ್ಷ ಪ್ರಕಟಣೆ ಸಿಗದೆ ಬಿದ್ದಿತ್ತು. ಸೋವಿಯತ್ ಹೆಣ್ಣಿನ ವೀರಮೂರ್ತಿಗೆ ಮಸಿ ಬಳಿಯುತ್ತದೆ ಎಂಬುದು ಅದರ ಮೇಲಿದ್ದ ಆಕ್ಷೇಪ. ಲೇಖಕಿಗೆ 2015ರಲ್ಲಿ ನೊಬೆಲ್ ಬಂದ ಮೇಲೆ ಜಗತ್ತು ಅದನ್ನು ಮತ್ತೆ ಓದಿತು.

ಮಸಿ ಬಳಿಯುವಂಥದ್ದು ಅದರಲ್ಲಿ ಏನಿತ್ತು? ಹದಿನೇಳು, ಹದಿನೆಂಟರ ಹುಡುಗಿಯರು ವಯಸ್ಸು ಸುಳ್ಳು ಹೇಳಿ ನೇಮಕಾತಿ ಕಚೇರಿಯ ಮುಂದೆ ಅಂಗಲಾಚಿದ್ದು ಇತ್ತು. ಅವರಿಗೆ ಗಂಡಸರ ಅಳತೆಯ ಬೂಟು, ಗಂಡಸರ ಒಳಉಡುಪು ಕೊಟ್ಟದ್ದು ಇತ್ತು. ತಿಂಗಳ ಮುಟ್ಟಿಗೆ ಹತ್ತಿಬಟ್ಟೆಯೂ ಇಲ್ಲದೆ ಮೈಲುಗಟ್ಟಲೆ ನಡೆದದ್ದು ಇತ್ತು. ಲಕ್ಷಗಟ್ಟಲೆ ಹೆಂಗಸರನ್ನು ಸೇರಿಸಿಕೊಂಡ ಸೇನೆ ಅವರ ದೇಹ ಬೇರೆ ಬಗೆಯದ್ದು ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪುಸ್ತಕದಲ್ಲಿ ಯುದ್ಧ ಮುಗಿದ ಮೇಲಿನ ಪುಟಗಳು. ಊರಿಗೆ ಮರಳಿದಾಗ ನೆರೆಹೊರೆಯವರು ಅವರ ನಡತೆಯ ಬಗ್ಗೆ ಆಡಿಕೊಂಡರು. ಗಂಡಸರ ನಡುವೆ ಮೂರು ನಾಲ್ಕು ವರ್ಷ ಇದ್ದು ಬಂದವಳನ್ನು ಯಾರು ಮದುವೆಯಾಗುತ್ತಾರೆ? ಎಷ್ಟೋ ಮಂದಿ ತಮ್ಮ ಪದಕಗಳನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟರು. ಗಾಯಗೊಂಡವರಿಗೆ ಸಿಗುವ ಸವಲತ್ತಿನ ಕಾಗದವನ್ನೇ ಮುಚ್ಚಿಟ್ಟವರಿದ್ದಾರೆ. ಸೇನೆಯಿಂದ ಬಿಡುಗಡೆಯಾದ ಹೆಂಗಸರಿಗೆ 1945ರ ಜುಲೈನಲ್ಲಿ ರಾಷ್ಟ್ರದ ಹಿರಿಯ ನಾಯಕ ಕಲೀನಿನ್ ಕೊಟ್ಟ ಬುದ್ಧಿವಾದವೂ ಇದೇ ಧಾಟಿಯದ್ದು: ನಿಮ್ಮ ಸೇವೆಯ ಬಗ್ಗೆ ನೀವೇ ಹೇಳಿಕೊಳ್ಳಬೇಡಿ, ಬೇರೆಯವರು ಹೇಳಲಿ. ಬೇರೆಯವರು ಹೇಳಲಿಲ್ಲ. ಲೇಖಕಿ ಟೇಪ್ ರೆಕಾರ್ಡರ್ ಹಿಡಿದು ಬರುವ ತನಕ ಮೂರು ದಶಕಗಳೇ ಕಳೆದವು. ಆಗಲೂ ಗಂಡಂದಿರು ಪಕ್ಕದಲ್ಲಿ ಕುಳಿತು 'ಸರಿಯಾದ' ಯುದ್ಧದ ಕಥೆ ಹೇಳಿಕೊಡುತ್ತಿದ್ದರು.

ಈ ಪುಸ್ತಕದ ಬಗ್ಗೆ ನನಗೆ ತಕರಾರು ಇಲ್ಲವೆಂದಲ್ಲ. ಶೀರ್ಷಿಕೆಯೇ ಒಂದು ಅಡ್ಡದಾರಿ. ಯುದ್ಧದ ಮುಖ ಹೆಣ್ಣಿನದಲ್ಲ ಎಂದರೆ ಅದು ಗಂಡಿಗೆ ಒಪ್ಪುವ ಮುಖ ಎಂದಾಯಿತಲ್ಲವೇ? ಹತ್ತೊಂಬತ್ತರ ಹುಡುಗನೊಬ್ಬ ಕಾಲು ಕಳೆದುಕೊಳ್ಳುವುದು ಸಹಜವೆಂದೂ, ಅದೇ ವಯಸ್ಸಿನ ಹುಡುಗಿ ಕಳೆದುಕೊಂಡರೆ ಮಾತ್ರ ಪ್ರಕೃತಿಗೆ ವಿರುದ್ಧವೆಂದೂ ಒಪ್ಪಿಕೊಂಡಂತೆ. ಅಲ್ಲದೆ ಲೇಖಕಿಗೆ ಕಣ್ಣೀರಿನ ಲೆಕ್ಕ ಸಿಕ್ಕಷ್ಟು ಹುದ್ದೆ, ಬಡ್ತಿ, ಪಿಂಚಣಿಗಳ ಲೆಕ್ಕ ಸಿಗುವುದಿಲ್ಲ. ಇನ್ನೊಂದು ವಿಷಯವೂ ಇದೆ. ಓದಿ ಮುಗಿಸಿದವರಿಗೆ ಎಲ್ಲರೂ ತಾವಾಗಿಯೇ ಹೋದವರೆಂದು ತೋರುತ್ತದೆ. ವಾಸ್ತವ ಅಷ್ಟು ಸರಳವಲ್ಲ. 1942ರ ಮಾರ್ಚ್‌ನಲ್ಲಿ ವಿಮಾನ ನಿರೋಧಕ ಪಡೆಗಳಿಗೆ ಒಂದು ಲಕ್ಷ ಹುಡುಗಿಯರನ್ನು ಒದಗಿಸಬೇಕೆಂದು ಕಮ್ಯೂನಿಸ್ಟ್ ಯುವಸಂಘಕ್ಕೆ ಆದೇಶವಾಯಿತು. ಹೋದವರನ್ನು ಸ್ವಯಂಸೇವಕಿಯರು ಎಂದೇ ಕರೆಯಲಾಯಿತು. ಸಂಖ್ಯೆ ಮೊದಲೇ ನಿಗದಿಯಾಗಿರುವಾಗ ಸ್ವಇಚ್ಛೆ ಎಂಬ ಮಾತಿಗೆ ಎಷ್ಟು ಬೆಲೆ?

ಓಬವ್ವನಿಗೆ ಒದಗಿದ ಷರತ್ತೇ ಇವರಿಗೂ ಒದಗಿತು. ಆಪತ್ತಿಗೆ ಬಾ, ಆಪತ್ತು ಕಳೆದ ಮೇಲೆ ಹೋಗು. ಅದಕ್ಕಾಗಿಯೇ 2020ರ ಫೆಬ್ರವರಿ 17ರಂದು ನಮ್ಮ ಸುಪ್ರೀಂ ಕೋರ್ಟ್ ಬಬಿತಾ ಪೂನಿಯಾ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ನಾನು ಬಂದೂಕಿನ ತೀರ್ಪೆಂದು ಓದುವುದಿಲ್ಲ, 'ಖಾಯಂ' ಎಂಬ ಒಂದು ಶಬ್ದದ ಬಗೆಗಿನ ತೀರ್ಪೆಂದು ಓದುತ್ತೇನೆ. ವೈದ್ಯಕೀಯ ವಿಭಾಗದ ಹೊರಗೆ ಮಹಿಳಾ ಅಧಿಕಾರಿಗಳನ್ನು ಭೂಸೇನೆ ತೆಗೆದುಕೊಳ್ಳತೊಡಗಿದ್ದು 1992ರಲ್ಲಿ. ಆರಂಭದಲ್ಲಿ ಐದು ವರ್ಷದ ಸೇವೆ. ಅದು ಹಿಗ್ಗುತ್ತಾ 14 ವರ್ಷಕ್ಕೆ ಬಂದು ನಿಂತಿತು. ಅಧಿಕಾರಿಗೆ ಪಿಂಚಣಿ ಸಿಗಬೇಕಾದರೆ 20 ವರ್ಷ ಆಗಿರಬೇಕು. ಅಂದರೆ ಯೌವನವೆಲ್ಲ ಕೊಟ್ಟು, ನಲವತ್ತರ ಹತ್ತಿರ, ಬಡ್ತಿಯ ಹೊತ್ತಿಗೆ ಸರಿಯಾಗಿ, ಬರಿಗೈಯಲ್ಲಿ ಮನೆಗೆ. ಅವರು ದಿಲ್ಲಿ ಹೈಕೋರ್ಟಿನಲ್ಲಿ 2010ರಲ್ಲೇ ಗೆದ್ದಿದ್ದರು. ಸರಕಾರ ಮೇಲ್ಮನವಿ ಹಾಕಿ ಇನ್ನೂ ಹತ್ತು ವರ್ಷ ಎಳೆಯಿತು. ಹಳ್ಳಿಗಾಡಿನಿಂದ ಬಂದ ಜವಾನರು ಹೆಣ್ಣಿನ ಆಜ್ಞೆ ಪಾಲಿಸಲು ಮಾನಸಿಕವಾಗಿ ಸಿದ್ಧರಿಲ್ಲ ಎಂಬುದು ಸರಕಾರದ ವಾದಗಳಲ್ಲೊಂದು. ಹಳ್ಳಿಯ ರೈತನ ಮಗನ ಹೆಗಲ ಮೇಲೆ ಬಂದೂಕಿಟ್ಟು ದಿಲ್ಲಿಯ ಕಚೇರಿ ತನ್ನ ಪೂರ್ವಗ್ರಹವನ್ನು ಸಿಡಿಸಿದ ರೀತಿ ಇದು. ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ರಸ್ತೋಗಿ ಅದನ್ನು ಒಪ್ಪಲಿಲ್ಲ. ಮುಂದಿನ ವರ್ಷ ನಿತೀಶಾ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಖಾಯಂ ಹುದ್ದೆಗೆ ಸೇನೆ ಇಟ್ಟಿದ್ದ ಅಳತೆಗೋಲುಗಳೇ ಪರೋಕ್ಷ ತಾರತಮ್ಯವೆಂದು ಹೇಳಬೇಕಾಯಿತು.

ತೀರ್ಪು ನ್ಯಾಯವಾದದ್ದು. ಆದರೂ ಅದರಲ್ಲೊಂದು ಭಾಗ ನನಗೆ ಇರಿಸುಮುರಿಸು ಮಾಡುತ್ತದೆ. ಮಹಿಳೆಯರು ಸಮರ್ಥರು ಎಂಬುದಕ್ಕೆ ನ್ಯಾಯಾಲಯ ಒಂದು ಪಟ್ಟಿ ಕೊಡುತ್ತದೆ. ಯಾರು ಯಾವ ಪದಕ ಪಡೆದರು, ಯಾರು ಯಾವ ತುಕಡಿಯ ಮುಂದಾಳಾದರು ಎಂದು. ಗಂಡಸಾದ ಅಧಿಕಾರಿ ತನ್ನ ಖಾಯಂ ಹುದ್ದೆಗೆ ಇನ್ನೊಬ್ಬನ ಪದಕ ತೋರಿಸಬೇಕಾಗಿಲ್ಲ. ಸಾಧಾರಣ ಗಂಡಸಿಗೂ ಸಿಗುವುದು ಅಸಾಧಾರಣ ಹೆಂಗಸಿಗೆ ಪಟ್ಟಿಯ ಬಲದಿಂದ ಸಿಗಬೇಕು. ಈ ಪಟ್ಟಿಯ ಕಷ್ಟ ಮುಸ್ಲಿಮರಿಗೆ ಚೆನ್ನಾಗಿ ಗೊತ್ತು. ದೇಶನಿಷ್ಠೆಯ ಪ್ರಶ್ನೆ ಎದ್ದಾಗಲೆಲ್ಲ ನಾವೂ ಜೇಬಿನಿಂದ ಒಂದು ಚೀಟಿ ತೆಗೆಯುತ್ತೇವೆ: 1948ರಲ್ಲಿ ಕಾಶ್ಮೀರದಲ್ಲಿ ಮಡಿದ ಬ್ರಿಗೇಡಿಯರ್ ಉಸ್ಮಾನ್, 1965ರಲ್ಲಿ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್. ಹೆಮ್ಮೆಯ ಹೆಸರುಗಳೇ. ಆದರೆ ಚೀಟಿ ತೋರಿಸುವ ಅಭ್ಯಾಸ ಹೆಮ್ಮೆಯದ್ದಲ್ಲ.

ನ್ಯಾಯಾಲಯದ ಪಟ್ಟಿಯಲ್ಲಿ ಸೋಫಿಯಾ ಖುರೇಷಿಯವರ ಹೆಸರೂ ಇದೆ. 2016ರಲ್ಲಿ ಬಹುರಾಷ್ಟ್ರೀಯ ಸಮರಾಭ್ಯಾಸವೊಂದರಲ್ಲಿ ಭಾರತದ ತುಕಡಿಯನ್ನು ಮುನ್ನಡೆಸಿದವರು. ಬೆಳಗಾವಿ ಜಿಲ್ಲೆಯ ಸೊಸೆ ಎಂದು ನಮ್ಮ ಪತ್ರಿಕೆಗಳು ಸಂಭ್ರಮಿಸಿದ್ದು 2025ರ ಮೇ ತಿಂಗಳಲ್ಲಿ, ಅವರು ಆಪರೇಷನ್ ಸಿಂಧೂರದ ವಿವರಗಳನ್ನು ದೇಶದ ಮುಂದಿಟ್ಟಾಗ. ಅದಾದ ಒಂದು ವಾರದೊಳಗೆ ಮಧ್ಯಪ್ರದೇಶದ ಸಚಿವರೊಬ್ಬರು ಅವರನ್ನು ಭಯೋತ್ಪಾದಕರ ಸಹೋದರಿಯೆಂದು ಸೂಚಿಸುವ ಮಾತಾಡಿದರು. ಅಲ್ಲಿನ ಹೈಕೋರ್ಟ್ ತಾನಾಗಿಯೇ ಮೊಕದ್ದಮೆ ಹೂಡಲು ಆದೇಶಿಸಿತು. ಕರ್ನಲ್ ಹುದ್ದೆಯ ಸಮವಸ್ತ್ರ ಕೂಡ ಆ ನಾಲಿಗೆಯನ್ನು ತಡೆಯಲಿಲ್ಲ ಎಂಬುದನ್ನು, ಸೈನ್ಯಕ್ಕೆ ಸೇರಿದರೆ ಹೆಣ್ಣಿಗೆ ತಾನಾಗಿ ಗೌರವ ಬರುತ್ತದೆ ಎನ್ನುವವರು ಯೋಚಿಸಬೇಕು.

ಈಗ ಕಡ್ಡಾಯ ಸೇವೆಯ ಮಾತಿಗೆ ಬರೋಣ. ಹಕ್ಕು ಕೇಳುವವರು ಹೊಣೆಯನ್ನೂ ಹೊರಬೇಕು, ಗಂಡಸನ್ನು ಬಲವಂತವಾಗಿ ಕರೆಯುವ ದೇಶ ಹೆಂಗಸನ್ನೂ ಕರೆಯಲಿ ಎಂಬ ವಾದ ಇತ್ತೀಚೆಗೆ ಬಲವಾಗುತ್ತಿದೆ. ಕೇಳಲು ನ್ಯಾಯವಾಗಿಯೇ ಇದೆ. ನಾರ್ವೆ 2015ರಿಂದ ಹೆಣ್ಣು ಗಂಡೆನ್ನದೆ ಕಡ್ಡಾಯ ಸೇವೆ ಜಾರಿಗೊಳಿಸಿತು, 2025ರ ಜುಲೈಯಿಂದ ಡೆನ್ಮಾರ್ಕ್ ಕೂಡ ಹೆಣ್ಣುಮಕ್ಕಳನ್ನು ಲಾಟರಿಗೆ ಸೇರಿಸಿತು. ಆದರೆ ನಾರ್ವೆಯಲ್ಲಿ ಪ್ರತಿವರ್ಷ ಆ ವಯಸ್ಸಿನವರಲ್ಲಿ ಒಂದು ಸಣ್ಣ ಪಾಲನ್ನು ಮಾತ್ರ, ಅದೂ ಆಸಕ್ತರನ್ನು ನೋಡಿ, ತೆಗೆದುಕೊಳ್ಳುತ್ತಾರೆ. ಅದು ಹೆಸರಿಗೆ ಕಡ್ಡಾಯ, ನಡತೆಯಲ್ಲಿ ಆಯ್ಕೆ. ಕಡ್ಡಾಯವೆಂದರೆ ನಿಜಕ್ಕೂ ಏನು ಎಂದು ತಿಳಿಯಬೇಕಾದರೆ ಎರಿಟ್ರಿಯಾಕ್ಕೆ ಹೋಗಬೇಕು.

ಕೆಂಪು ಸಮುದ್ರದ ದಡದ ಈ ಪುಟ್ಟ ದೇಶ ಇಥಿಯೋಪಿಯಾದಿಂದ ಬಿಡುಗಡೆ ಹೊಂದಲು ಮೂವತ್ತು ವರ್ಷ ಹೋರಾಡಿತು. ಹೋರಾಟಗಾರರಲ್ಲಿ ಮೂರರಲ್ಲೊಂದು ಪಾಲಿನಷ್ಟು ಹೆಂಗಸರು. ಕಂದಕಗಳಲ್ಲಿ ಗಂಡಸರ ಜೊತೆ ಸಮಸಮವಾಗಿ ಇದ್ದವರು. 1993ರಲ್ಲಿ ಸ್ವಾತಂತ್ರ್ಯ ಬಂದಾಗ ಅವರಲ್ಲಿ ಬಹಳ ಮಂದಿಯನ್ನು ಮನೆಗೆ ಕಳಿಸಲಾಯಿತು. ರಷ್ಯದ ಹೆಂಗಸರಂತೆಯೇ ಇವರಿಗೂ ಊರಿನಲ್ಲಿ ಮದುವೆಯ ಕಷ್ಟ, ಮೂದಲಿಕೆ. ಎರಡು ವರ್ಷದ ನಂತರ ಅದೇ ದೇಶ ಹದಿನೆಂಟರಿಂದ ನಲವತ್ತರವರೆಗಿನ ಹೆಣ್ಣು ಗಂಡು ಎಲ್ಲರಿಗೂ ಹದಿನೆಂಟು ತಿಂಗಳ ಸೇವೆ ಕಡ್ಡಾಯ ಮಾಡಿತು. ಸಮಾನತೆಯ ಕಾನೂನು ಎಂದು ಕಾಗದದ ಮೇಲೆ ಅದರಲ್ಲಿ ಕುಂದು ಹುಡುಕುವುದು ಕಷ್ಟ. 1998ರಲ್ಲಿ ಮತ್ತೆ ಯುದ್ಧವಾಯಿತು. ಯುದ್ಧ 2000ದಲ್ಲಿ ನಿಂತರೂ ಹದಿನೆಂಟು ತಿಂಗಳು ಮುಗಿಯಲೇ ಇಲ್ಲ. ಸೇವೆ ವರ್ಷಾನುಗಟ್ಟಲೆ, ಕೊನೆಯೇ ಇಲ್ಲದಂತೆ ಎಳೆಯಿತು. ಶಾಲೆಯ ಕೊನೆಯ ವರ್ಷವನ್ನು ಮಕ್ಕಳು ಸಾವಾ ಎಂಬ ಸೇನಾ ಶಿಬಿರದಲ್ಲೇ ಕಳೆಯಬೇಕು. ವಿಶ್ವಸಂಸ್ಥೆಯ ತನಿಖಾ ಆಯೋಗ 2016ರಲ್ಲಿ ಇದನ್ನು ಗುಲಾಮಗಿರಿ ಎಂದೇ ಕರೆಯಿತು. ಶಿಬಿರಗಳಲ್ಲಿ ಹುಡುಗಿಯರ ಮೇಲೆ ಅಧಿಕಾರಿಗಳು ನಡೆಸಿದ ಲೈಂಗಿಕ ದೌರ್ಜನ್ಯ ದಾಖಲಾಗಿದೆ. ಅಲ್ಲಿಂದ ತಪ್ಪಿಸಿಕೊಳ್ಳಲು ಹುಡುಗಿಯರಿಗಿರುವ ದಾರಿ ಯಾವುದು ಗೊತ್ತೇ? ಬೇಗ ಮದುವೆಯಾಗುವುದು, ಬೇಗ ಬಸುರಿಯಾಗುವುದು. ಹೆಣ್ಣನ್ನು ಅಡುಗೆಮನೆಯಿಂದ ಹೊರತರುವ ಕಾನೂನು ಎಂದು ಹೇಳಿಕೊಂಡದ್ದು ಅವಳನ್ನು ಹದಿನೇಳಕ್ಕೇ ತೊಟ್ಟಿಲಿನ ಮುಂದೆ ಕೂರಿಸಿತು.

ಇಸ್ರೇಲಿನ ಉದಾಹರಣೆಯನ್ನು ಕೆಲವರು ಬಹಳ ಉತ್ಸಾಹದಿಂದ ಕೊಡುತ್ತಾರೆ. 1949ರ ಕಾನೂನಿನಿಂದಲೇ ಅಲ್ಲಿ ಹೆಂಗಸರಿಗೂ ಕಡ್ಡಾಯ ಸೇವೆಯಿದೆ. ಮದುವೆಯಾದವರಿಗೆ, ತಾಯಂದಿರಿಗೆ, ಧಾರ್ಮಿಕ ಕಾರಣ ಕೊಟ್ಟವರಿಗೆ ವಿನಾಯಿತಿ. ಪಶ್ಚಿಮ ದಂಡೆಯ ತಪಾಸಣಾ ಠಾಣೆಯಲ್ಲಿ ತುಂಬು ಬಸುರಿಯೊಬ್ಬಳು ಆಸ್ಪತ್ರೆಗೆ ಹೋಗಲು ಕಾಯುತ್ತಿರುವಾಗ, ಎದುರಿಗೆ ಬಂದೂಕು ಹಿಡಿದವಳು ಹೆಣ್ಣೇ ಎಂಬುದರಿಂದ ಅವಳಿಗಾದ ಲಾಭವೇನು ಎಂದು ಆ ಉತ್ಸಾಹಿಗಳು ಹೇಳುವುದಿಲ್ಲ.

ಇದೆಲ್ಲ ದೂರದ ಮಾತು, ನಮ್ಮಲ್ಲಿ ಕಡ್ಡಾಯ ಸೇವೆಯೇ ಇಲ್ಲವಲ್ಲ ಎನ್ನಬಹುದು. ಇಲ್ಲ, ನಿಜ. ಆದರೆ ದಾರಿ ತೆರೆದಿದೆ. ಜೀತವನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿಯೇ ತನ್ನ ಎರಡನೇ ಭಾಗದಲ್ಲಿ, ಸಾರ್ವಜನಿಕ ಉದ್ದೇಶಕ್ಕಾಗಿ ಪ್ರಭುತ್ವ ಕಡ್ಡಾಯ ಸೇವೆ ವಿಧಿಸಬಹುದು ಎನ್ನುತ್ತದೆ. ಹಾಗೆ ವಿಧಿಸುವಾಗ ಧರ್ಮ, ಜನಾಂಗ, ಜಾತಿ, ವರ್ಗ ಇವುಗಳ ಕಾರಣಕ್ಕೆ ಭೇದ ಮಾಡಕೂಡದು. 15ನೇ ವಿಧಿಯ ಪಟ್ಟಿಯಲ್ಲಿರುವ 'ಲಿಂಗ' ಎಂಬ ಶಬ್ದ ಇಲ್ಲಿಲ್ಲ. ಹಾಗಾಗಿ ಗಂಡಸರನ್ನು ಮಾತ್ರ ಕರೆಯಲೂ, ಎಲ್ಲರನ್ನೂ ಕರೆಯಲೂ ಈ ವಿಧಿ ಅಡ್ಡಿ ಬರುವುದಿಲ್ಲ. ಇನ್ನೊಂದೆಡೆ 1950ರ ಸೇನಾ ಕಾಯ್ದೆಯ 12ನೇ ಕಲಮು, ಕೇಂದ್ರ ಸರಕಾರ ಸೂಚಿಸಿದ ವಿಭಾಗಗಳ ಹೊರತು ಹೆಂಗಸರು ಭೂಸೇನೆಗೆ ಅರ್ಹರಲ್ಲ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ಕಾಣುವುದು ಇಷ್ಟು: ಬೇಕೆಂದಾಗ ಕರೆಯುವ, ಬೇಡವೆಂದಾಗ ತಡೆಯುವ ಎರಡೂ ಕೀಲಿಗಳು ಸರಕಾರದ ಕೈಯಲ್ಲಿವೆ. ಹೆಣ್ಣಿನ ಕೈಯಲ್ಲಿ ಒಂದೂ ಇಲ್ಲ.

ಸೈನ್ಯದ ಬಾಗಿಲನ್ನು ಅವಳಿಗೆ ಮುಚ್ಚಬಾರದು ಎಂದು ನಾನು ಹೇಳುವುದೂ, ಅವಳನ್ನು ಕುತ್ತಿಗೆ ಹಿಡಿದು ಒಳಗೆ ತಳ್ಳಬಾರದು ಎಂದು ಹೇಳುವುದೂ ಒಂದೇ ಕಾರಣಕ್ಕೆ. ಕಡ್ಡಾಯ ಸೇವೆಯಿಂದ ಅವಳಿಗೆ ಆಜ್ಞೆ ಕೊಡುವ ಅಧಿಕಾರ ಬರುವುದಿಲ್ಲ, ಪಿಂಚಣಿ ಬರುವುದಿಲ್ಲ, ಯುದ್ಧ ಬೇಕೇ ಬೇಡವೇ ಎಂದು ತೀರ್ಮಾನಿಸುವ ಕೋಣೆಯಲ್ಲಿ ಕುರ್ಚಿಯೂ ಬರುವುದಿಲ್ಲ. ಗಂಡಸಿಗೂ ಬರುವುದಿಲ್ಲವಲ್ಲ ಎಂದು ಕೇಳುವವರಿಗೆ ನನ್ನ ಉತ್ತರ: ಹಾಗಾದರೆ ಅವನನ್ನೂ ಬಿಡಿ.

2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಹೆಣ್ಣುಮಕ್ಕಳು ತರಬೇತಿ ಮುಗಿಸಿ ಹೊರಬಂದರು. ಅಧಿಕಾರಿಗಳಲ್ಲ, ಸಾಮಾನ್ಯ ಜವಾನರು. ಭೂಸೇನೆಯ ಚರಿತ್ರೆಯಲ್ಲಿ ಆ ದರ್ಜೆಯ ಮೊದಲ ಮಹಿಳಾ ತಂಡ. ಅವರನ್ನು ತೆಗೆದುಕೊಂಡದ್ದು ಗಂಡು ಜವಾನರಿಗಿದ್ದ ಹಳೆಯ ಪದ್ಧತಿಯಲ್ಲಿ. ಮರುವರ್ಷ ಅಗ್ನಿಪಥ ಯೋಜನೆ ಬಂತು. ಆ ಯೋಜನೆಯ ಪ್ರಕಾರ ಹೆಣ್ಣಾಗಲಿ ಗಂಡಾಗಲಿ ಹೊಸದಾಗಿ ಸೇರುವವರಿಗೆ ನಾಲ್ಕು ವರ್ಷದ ಕೆಲಸ. ಅದು ಮುಗಿದ ಮೇಲೆ ನೂರರಲ್ಲಿ ಹೆಚ್ಚೆಂದರೆ 25 ಮಂದಿ ಉಳಿಯುತ್ತಾರೆ, ಉಳಿದವರು ಒಂದು ಇಡಿಗಂಟು ಹಿಡಿದು ಪಿಂಚಣಿಯಿಲ್ಲದೆ ಊರಿಗೆ. ಮೊದಲ ತಂಡದವರನ್ನು ನೋಡಿ ಆಸೆಪಟ್ಟು ಮಿಲಿಟರಿ ಪೊಲೀಸಿಗೆ ಅರ್ಜಿ ಹಾಕಿದ ಹುಡುಗಿಯರು ಸೇರಿದ್ದು ಈ ಪದ್ಧತಿಗೆ.